ಒರಳ ತಳದ ಚಿಗಳಿ

ಶ್ರಾವಣದ ಒಂದು ಬುಧವಾರ ಬೆಳಿಗ್ಗೆ ಏಳೂವರೆಗೆ ನಾನೂ ನಮ್ಮತ್ತೆಯೂ ಹಾಸನದ ಬಸ್ ನಿಲ್ದಾಣ ತಲುಪಿದೆವು. ಕೊಡೆ ಬಿಚ್ಚಿದರೆ ಸಂಕೋಚ, ಬಿಚ್ಚದಿದ್ದರೆ ತಲೆ ಒದ್ದೆ, ಅಂಥ ಸೋನೆ. ನನ್ನ ಹೆಗಲ ಚೀಲದಲ್ಲಿ ಇಬ್ಬರ ಬಟ್ಟೆ, ನೀರಿನ ಬಾಟಲಿ, ಒಂದು ಸ್ಟೀಲ್ ಡಬ್ಬಿ. ಅತ್ತೆಯ ಸೊಂಟದಲ್ಲಿ ಎಲೆಅಡಿಕೆ ಚೀಲ, ಕೈಯಲ್ಲಿ ಹೊಸ ಆಲೂಗೆಡ್ಡೆ ತುಂಬಿದ ಬಟ್ಟೆಯ ಚೀಲ. ಎಪ್ಪತ್ತೆಂಟರ ಹೆಂಗಸು ಅಷ್ಟು ಭಾರ ಹೊರಬಾರದೆಂದು ನಾನು ಕೈ ಚಾಚಿದೆ. "ನೀನು ನಿನ್ ಸಾಮಾನು ನೋಡ್ಕ, ನನ್ ಗೆಡ್ಡೆ ನಾನು ಒತ್ಕತೀನಿ" ಎಂದರು.

ನಾವು ಹೋಗಬೇಕಾಗಿದ್ದುದು ಚನ್ನರಾಯಪಟ್ಟಣಕ್ಕೆ. ಅಲ್ಲಿ ಅತ್ತೆಯ ದೊಡ್ಡ ಮಗಳು, ನಮ್ಮವರ ಅಕ್ಕ, ಇದ್ದಾರೆ. ನಮ್ಮವರು ಕರೆಯುವ ಹಾಗೆ ನಾನೂ ಅವರನ್ನು ಜಯಕ್ಕ ಎಂದೇ ಕರೆಯುವುದು. ಎರಡು ಗೌರಿ ಹಬ್ಬ ಕಳೆದರೂ ಜಯಕ್ಕ ತವರಿಗೆ, ಅಂದರೆ ನಮ್ಮ ಮನೆಗೆ, ಕಾಲಿಟ್ಟಿರಲಿಲ್ಲ. ಬಾಗಿನ ತೆಗೆದುಕೊಂಡು ಹೋದ ತಮ್ಮನಿಗೆ ಪ್ರೀತಿಯಿಂದ ಬಡಿಸುತ್ತಿದ್ದರು. ಫೋನಿನಲ್ಲಿ ನಗುನಗುತ್ತಾ ಮಾತಾಡುತ್ತಿದ್ದರು. ಬರುತ್ತೇನೆ ಎನ್ನುತ್ತಿದ್ದರು, ಬರುತ್ತಿರಲಿಲ್ಲ. ಮೊದಲ ವರ್ಷ ಮಂಡಿನೋವು, ಎರಡನೆಯ ವರ್ಷ ಮನೆಗೆ ಸುಣ್ಣಬಣ್ಣ. ಈಗ ಮೂರನೆಯ ಗೌರಿಗೆ ಮೂರು ವಾರ ಉಳಿದಿತ್ತು. "ಈ ಸಲ ಅವ್ಳ ಬಾಯಲ್ಲಿ ಬತ್ತೀನಿ ಅಂತ ಅನ್ನಿಸ್ಕಂಡೇ ಬರದು" ಎಂದು ಅತ್ತೆ ಹೊರಟಿದ್ದರು.

ಹಾಸನದಿಂದ ಚನ್ನರಾಯಪಟ್ಟಣಕ್ಕೆ ನೇರ ಬಸ್ಸಿನಲ್ಲಿ ಒಂದು ಗಂಟೆ ಸಾಕು. ಅತ್ತೆ ಹಾಕಿದ ದಾರಿ ಬೇರೆ. ಮೊದಲು ಹೊಳೆನರಸೀಪುರ, ಅಲ್ಲಿ ಅವರ ತಂಗಿ. ಅಲ್ಲಿಂದ ಅರಕಲಗೂಡು, ಅಲ್ಲಿ ಅವರ ಕಿರಿಮಗಳು ಸವಿತಾ. ಒಂದು ರಾತ್ರಿ ಉಳಿದು, ಆಮೇಲೆ ಚನ್ನರಾಯಪಟ್ಟಣ. "ಇಷ್ಟು ಸುತ್ತು ಯಾಕೆ ಅತ್ತೆ?" ಎಂದೆ. "ಬರಿಗೈಲಿ ಮಗಳ ಮನೆಗೆ ಓಗದಾ? ಸುಮ್ಕೆ ಬಾ" ಎಂದರು. ಬೇಕರಿಯಿಂದ ಒಂದು ಕೆಜಿ ಸಿಹಿ ಕಟ್ಟಿಸಿಕೊಂಡರೆ ಆಗುತ್ತಿತ್ತಲ್ಲ ಎಂದು ನನಗನ್ನಿಸಿತು.

ಹೊಳೆನರಸೀಪುರಕ್ಕೆ ರೈಲೂ ಇದೆ. ರೈಲಿನ ಕಿಟಕಿ ನನಗಿಷ್ಟ. ಆದರೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲದಿರುವಾಗ ರೈಲಿಗೆ ಕಾಸು ಸುರಿಯುವುದು ಅತ್ತೆಗೆ ಒಪ್ಪಿಗೆಯಿಲ್ಲ. ಕಂಡಕ್ಟರ್ ಬಂದಾಗ ಅವರು ಎಲೆಅಡಿಕೆ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಕಾರ್ಡ್ ತೆಗೆದರು. ಅದರ ಅಂಚಿಗೆ ಸುಣ್ಣ ಮೆತ್ತಿತ್ತು. ಕಂಡಕ್ಟರ್ ಕಾರ್ಡು ನೋಡಿ, ಅತ್ತೆಯನ್ನು ನೋಡಿ, "ಅಜ್ಜಿ, ಫೋಟೋದಲ್ಲಿ ಸಿಟ್ಟಾಗಿದೀರಲ್ಲ" ಎಂದ. "ಅವತ್ತು ಕ್ಯೂನಲ್ಲಿ ಮೂರು ಗಂಟೆ ನಿಲ್ಸಿದ್ರು ಕಣಪ್ಪ, ನಗ್ತಾ ಕೂತ್ಕಳಕ್ಕಾಯ್ತದಾ?" ಎಂದರು ಅತ್ತೆ. ಮೂವತ್ತು ಚಿಲ್ಲರೆ ಕಿಲೋಮೀಟರು, ಒಂದು ಗಂಟೆ. ದಾರಿಯುದ್ದಕ್ಕೂ ಆಲೂಗೆಡ್ಡೆ ಕೀಳುವ ಹೊಲಗಳು. ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನೇ ತಲೆಗೆ ಕೊಪ್ಪೆ ಮಾಡಿಕೊಂಡ ಹೆಂಗಸರು ಸಾಲಾಗಿ ಬಾಗಿದ್ದರು.

ಹೊಳೆನರಸೀಪುರದಲ್ಲಿ ಇಳಿದಾಗ ಬಿಸಿಲು ಬಂದಿತ್ತು. ಹೇಮಾವತಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಆಟೋದವನು ನಲವತ್ತು ರೂಪಾಯಿ ತೆಗೆದುಕೊಂಡು ಚಿಕ್ಕತ್ತೆಯ ಮನೆಯ ಬೀದಿಗೆ ಬಿಟ್ಟ. ಚಿಕ್ಕತ್ತೆ ಎಂದರೆ ಅತ್ತೆಯ ತಂಗಿ ನಿಂಗಮ್ಮ. ಮುಖ ಅಕ್ಕನದೇ, ಸ್ವಲ್ಪ ಉಬ್ಬಿದಂತೆ. ಬಾಗಿಲಲ್ಲೇ ನಿಂತು, "ಏನಕ್ಕ, ಸೊಸೇನ ಕಟ್ಕಂಡು ಊರ್ ಮೆರವಣಿಗೆ ಒಂಟ್ಬುಟ್ಟಿದೀಯ?" ಎಂದು ಕೂಗಿದರು.

"ನಿನ್ ಮನೇಲಿ ರೊಟ್ಟಿ ಬೇಯ್ತದೆ ಅಂತ ಹಾಸನದಗಂಟ ವಾಸ್ನೆ ಬಂತು, ಬಂದೊ" ಎಂದರು ಅತ್ತೆ.

ನಿಜವಾಗಿಯೂ ಅಕ್ಕಿರೊಟ್ಟಿ ಬೇಯುತ್ತಿತ್ತು. ಚಿಕ್ಕತ್ತೆ ರೊಟ್ಟಿಯನ್ನು ಬಾಣಲೆಯ ಒಳಮೈಗೆ ತಟ್ಟಿ, ನಡುವೆ ಬೆರಳಿನಿಂದ ಐದು ತೂತು ಮಾಡಿ, ಒಂದೊಂದು ತೂತಿಗೂ ಎಣ್ಣೆ ಬಿಟ್ಟು ಮುಚ್ಚಿಡುತ್ತಾರೆ. ತಳ ಗರಿಗರಿ, ಮೇಲೆ ಮೆತ್ತಗೆ. ಜೊತೆಗೆ ಹುಚ್ಚೆಳ್ಳಿನ ಚಟ್ನಿ. ಎರಡು ತಿಂದು ಮೂರನೆಯದಕ್ಕೆ ಬೇಡವೆಂದೆ. ಚಿಕ್ಕತ್ತೆ ಅತ್ತೆಯ ಕಡೆ ತಿರುಗಿ, "ಕಾನ್ವೆಂಟ್ ಸೊಸೆ ಇನ್ನೂ ಹಂಗೇ ಅವ್ಳಾ? ಮೂವತ್ತು ವರ್ಸದಿಂದ ಎರಡೇ ರೊಟ್ಟಿ" ಎಂದು ಮೂರನೆಯದನ್ನು ಹಾಕಿಯೇಬಿಟ್ಟರು.

ಕೈತೊಳೆದ ಮೇಲೆ ಅತ್ತೆ ಆಲೂಗೆಡ್ಡೆಯನ್ನು ಮೊರಕ್ಕೆ ಸುರಿದರು. ಚಿಕ್ಕತ್ತೆ ಆ ಚೀಲವನ್ನು ಒಳಗೆ ಕೊಂಡುಹೋಗಿ ಅದರಲ್ಲೇ ಒಂದು ಸೇರು ಕರಿಎಳ್ಳು ತುಂಬಿಸಿ ತಂದರು. ಕಲ್ಲು ಕಸ ಆಯ್ದು, ಮೊರದಲ್ಲಿ ಕೇರಿದ ಎಳ್ಳು. "ಜಯಂಗೇ ಅಲ್ವಾ?" ಎಂದು ಕೇಳಿದರು. ಅತ್ತೆ ತಲೆಯಾಡಿಸಿದರು. ಚಿಕ್ಕತ್ತೆ ನನ್ನ ಮುಖ ನೋಡಿದರು, ಏನೋ ಹೇಳಲು ಹೊರಟು, "ಬೆಲ್ಲ ಸವಿತನ ಮನೇಲದೆ ಬಿಡು" ಎಂದು ಮುಗಿಸಿದರು. ಎಲ್ಲರಿಗೂ ಗೊತ್ತಿರುವ ಏನೋ ನನಗೆ ಮಾತ್ರ ಗೊತ್ತಿಲ್ಲವೆಂದು ನನಗೆ ಮೊದಲು ಅನ್ನಿಸಿದ್ದು ಆಗ.

ಅರಕಲಗೂಡಿನ ಬಸ್ಸು ಹನ್ನೊಂದೂವರೆಗೆ ಸಿಕ್ಕಿತು. ಸೀಟು ಸಿಗಲಿಲ್ಲ. ಅತ್ತೆಗೆ ಒಬ್ಬ ಕಾಲೇಜು ಹುಡುಗಿ ಜಾಗ ಬಿಟ್ಟಳು. ನಾನು ಕಂಬಿ ಹಿಡಿದು ಒಂದು ಗಂಟೆಗೂ ಹೆಚ್ಚು ನಿಂತೆ. ಊರು ಹತ್ತಿರವಾದಂತೆ ಶುಂಠಿಯ ಏರಿಗಳು, ಜೋಳ, ಆಮೇಲೆ ಹೊಗೆಸೊಪ್ಪಿನ ಹೊಲಗಳು. ಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ ಮನೆಗಳಿಂದ ಹೊಗೆ ಏಳುತ್ತಿತ್ತು. ಬಸ್ಸಿನೊಳಗೆಲ್ಲ ಸಿಹಿಯಾದ, ಸ್ವಲ್ಪ ತಲೆಭಾರದ ವಾಸನೆ.

ಸವಿತಾ ನನಗಿಂತ ಎಂಟು ವರ್ಷ ಚಿಕ್ಕವಳು. ನಾನು ಮದುವೆಯಾಗಿ ಬಂದಾಗ ಎರಡು ಜಡೆ ಹಾಕಿಕೊಂಡು ನನ್ನ ಸೀರೆಯ ಸೆರಗು ಹಿಡಿದು ಓಡಾಡುತ್ತಿದ್ದವಳು. ಈಗ ಅವಳ ಮನೆಯ ಅಂಗಳದಲ್ಲಿ ಆರು ಜನ ಹೆಂಗಸರು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು, ಅವಳು ಎಲ್ಲರಿಗೂ ಮೇಲುಸ್ತುವಾರಿ. ಸೊಪ್ಪಿನ ಅಂಟಿನಿಂದ ಕೈ ಕಪ್ಪಾಗಿತ್ತು. "ಅತ್ಗೆ, ತಬ್ಕಳಂಗಿಲ್ಲ ನೋಡಿ" ಎಂದು ಎರಡೂ ಕೈ ಮೇಲೆತ್ತಿ ನಕ್ಕಳು. ಮಧ್ಯಾಹ್ನ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ಬಾಣಲೆಯಿಂದ ಆಗತಾನೆ ಇಳಿದ ಪಲ್ಯ. ಸೊಪ್ಪು ಕಟ್ಟುವವರಿಗೂ ನಮಗೂ ಒಂದೇ ಅಡುಗೆ, ಒಂದೇ ಪಂಕ್ತಿ. ಅತ್ತೆ ಎರಡು ಮುದ್ದೆ ಉಂಡು ಜಗುಲಿಯ ಮೇಲೆ ಅರ್ಧ ಗಂಟೆ ಮಲಗಿದರು.

ನಾಲ್ಕು ಗಂಟೆಗೆ ಎದ್ದು, "ಎಳ್ಳು ಉರಿಯಮ್ಮಿ" ಎಂದರು ಸವಿತಾಗೆ.

ಚಿಗಳಿ ಮಾಡುವುದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಎಳ್ಳು ಹುರಿಯುವುದು, ಬೆಲ್ಲ ಸೇರಿಸಿ ಕುಟ್ಟುವುದು, ಉಂಡೆ ಕಟ್ಟುವುದು. ನಾಗರಪಂಚಮಿಯಲ್ಲಿ ಹುತ್ತಕ್ಕೆ ಇಟ್ಟು ಉಳಿದದ್ದನ್ನು ಮಕ್ಕಳು ತಿನ್ನುವುದು. ನಾನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಮುಗಿಸುತ್ತೇನೆ. ಸವಿತಾಳೂ ಮಿಕ್ಸಿಯ ಜಾರ್ ತೆಗೆದಿದ್ದಳು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿದರು. "ಅದ್ರಲ್ಲಾಕಿದ್ರೆ ಎಣ್ಣೆ ಬುಟ್ಕಂಡು ಗೊಜ್ಜಾಯ್ತದೆ. ಇತ್ಲಲ್ಲಿ ಒರಳದಲ್ಲ, ತೊಳಿ." ಹಿತ್ತಲ ಒರಳಿನಲ್ಲಿ ನಾಲ್ಕು ವರ್ಷದಿಂದ ಕೋಳಿಗಳು ನೀರು ಕುಡಿಯುತ್ತಿದ್ದವು. ನಾನು ಅದನ್ನು ಮೂರು ಸಲ ಬಿಸಿನೀರು, ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಉಜ್ಜುವ ಕೆಲಸವನ್ನು ನನಗೇ ಬಿಡುವುದು ನಮ್ಮ ಮನೆಯ ರೂಢಿ.

ಒನಕೆ ಸವಿತಾಳ ಕೈಗೆ. ನಾನು ಒರಳ ಬಾಯಲ್ಲಿ ಚಿಮ್ಮುವ ಎಳ್ಳನ್ನು ಒಳಗೆ ತಳ್ಳುತ್ತಾ ಕೂತೆ. ಅತ್ತೆ ಬೆಲ್ಲ ಹೆರೆಯುತ್ತಿದ್ದರು. ನಾನು ಏಲಕ್ಕಿ ಕೇಳಿದಾಗ, "ಬ್ಯಾಡ, ಜಯಂಗೆ ಏಲಕ್ಕಿ ಆಗಕ್ಕಿಲ್ಲ" ಎಂದರು. ಆಮೇಲೆ ಯಾವುದೋ ನೆಪ ಹೇಳಿ ಅಂಗಳಕ್ಕೆ ಎದ್ದುಹೋದರು.

ಅವರು ಮರೆಯಾದ ಮೇಲೆ ಸವಿತಾ ಒನಕೆ ನಿಲ್ಲಿಸಿದಳು. "ಅತ್ಗೆ, ಬೇಜಾರ್ ಮಾಡ್ಕಬ್ಯಾಡಿ. ಜಯಕ್ಕ ಯಾಕ್ ಬತ್ತಾ ಇಲ್ಲ ಅಂತ ನಿಮ್ಗೆ ನಿಜ್ವಾಗ್ಲೂ ಗೊತ್ತಿಲ್ವಾ?"

ನಾನು ಇಲ್ಲವೆಂದೆ.

"ಡಬ್ಬಿ ಬರಿದು ಕಳ್ಸುದ್ರಿ."

ಯಾವ ಡಬ್ಬಿ ಎಂದು ನೆನಪಾಗಲು ನನಗೆ ಒಂದು ನಿಮಿಷ ಹಿಡಿಯಿತು. ಎರಡೂವರೆ ವರ್ಷದ ಹಿಂದೆ ನಮ್ಮ ಮಗನ ಮದುವೆಗೆ ಜಯಕ್ಕ ಒಂದು ದೊಡ್ಡ ಹಿಡಿಯುಳ್ಳ ಸ್ಟೀಲ್ ಡಬ್ಬಿ ತುಂಬ ಕಜ್ಜಾಯ ತಂದಿದ್ದರು. ಮದುವೆ ಮುಗಿದ ಮೇಲೆ ಮನೆ ತುಂಬ ನೆಂಟರ ಪಾತ್ರೆಗಳು. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಇನ್ನೊಬ್ಬರ ವಸ್ತುವನ್ನು ಹೇಗೆ ಹಿಂದಿರುಗಿಸುತ್ತೇವೆ ಎಂಬುದರಲ್ಲೇ ಹುಡುಗಿಯ ಗುಣ ಗೊತ್ತಾಗುತ್ತದೆ ಎಂದು ನಮ್ಮ ತಲೆಗೆ ತುಂಬಿದ್ದರು. ನಾನು ಆ ಪಾತ್ರೆಗಳನ್ನೆಲ್ಲ ತೊಳೆದು, ಬಿಸಿಲಲ್ಲಿ ಒಣಗಿಸಿ, ಅದಲು ಬದಲಾಗದಿರಲೆಂದು ಗಾಯಕ್ಕೆ ಹಚ್ಚುವ ಬಿಳಿ ಅಂಟುಪಟ್ಟಿಯನ್ನು ಕತ್ತರಿಸಿ ತಳಕ್ಕೆ ಹಚ್ಚಿ, ಹೆಸರು ಊರು ಬರೆದು, ಕಾರಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೆ. ಮುಖ ಕಾಣುವಷ್ಟು ಹೊಳೆಯುತ್ತಿದ್ದವು. ನನ್ನ ಕೆಲಸಕ್ಕೆ ನಾನೇ ಹೆಮ್ಮೆಪಟ್ಟಿದ್ದೆ.

"ಬರಿ ಪಾತ್ರೆ ಕೊಡಬಾರದು ಅಂತ ನನಗೆ ಗೊತ್ತಿಲ್ವಾ ಸವಿತಾ? ಎಲ್ಲರ ಪಾತ್ರೆಗೂ ಒಂದೊಂದು ಅಚ್ಚು ಬೆಲ್ಲ ಹಾಕಿದ್ದೆ."

"ಜಯಕ್ಕಂದಕ್ಕೆ?"

ಬೆಲ್ಲದ ಅಚ್ಚುಗಳು ಎರಡು ಕಡಿಮೆ ಬಿದ್ದಿದ್ದವು. ಸವಿತಾಳದು, ಜಯಕ್ಕನದು. ಮನೆಯವರೇ ತಾನೇ ಎಂದು ಬಿಟ್ಟಿದ್ದೆ.

"ನನ್ ಡಬ್ಬಿನೂ ಬರಿದೇ ಬಂತು" ಎಂದಳು ಸವಿತಾ. "ನಾನು ನಕ್ಕೊಂಡು ಸಕ್ರೆ ತುಂಬಿಟ್ಟೆ. ಆದ್ರೆ ಜಯಕ್ಕನ್ ಮನೇಲಿ ಅವತ್ತು ಬೀಗ್ರು ಇದ್ರು ಅತ್ಗೆ. ಡ್ರೈವರು ತವರಿಂದ ಬಂದೈತೆ ಅಂತ ಎಲ್ಲರ ಮುಂದೆ ತಂದಿಟ್ನಂತೆ. ಏನ್ ಬಂತು ತೋರ್ಸಿ ಅಂತ ಬೀಗಿತ್ತಿ ಮುಚ್ಚಳ ತೆಗ್ದ್ರಂತೆ. ಒಳ್ಗೆ ಅವ್ರ ಮುಖನೇ ಕಾಣ್ತಂತೆ."

ಅವಳಿಗೆ ನಗು ಬಂತು, ತಡೆದುಕೊಂಡಳು. ನನಗೆ ಮಾತ್ರ ಅಳು ಬಂದಿತ್ತು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ನಿಮಗೂ ಗೊತ್ತಿತ್ತಾ ಅತ್ತೆ? ಎರಡು ವರ್ಷ ಹೇಳಲಿಲ್ಲವಲ್ಲ!"

"ನಾನೇಳಿದ್ರೆ ಅತ್ತೆ ಬೋದಂಗಾಯ್ತದೆ. ನಾದಿನಿ ಏಳಿದ್ರೆ ಮಾತು" ಎಂದು ಅವರು ಒರಳ ಮುಂದೆ ಕೂತರು. "ಕುಟ್ಟಮ್ಮಿ, ಆರೋಯ್ತದೆ."

ಎಳ್ಳೂ ಬೆಲ್ಲವೂ ಒಂದಾಗಿ ಕಪ್ಪಗೆ ಮಿರುಗತೊಡಗಿದಾಗ ಅತ್ತೆ ಉಂಡೆ ಕಟ್ಟಿದರು. ನಾನು ತಂದಿದ್ದ ಸ್ಟೀಲ್ ಡಬ್ಬಿ ತುಂಬಿತು. ಒರಳ ತಳದಲ್ಲಿ ಒಂದಿಷ್ಟು ಉಳಿಯಿತು. ಉಂಡೆಗೆ ಬಾರದ, ತರಿತರಿಯಾದ, ಎಣ್ಣೆ ಜಿನುಗುವ ಪುಡಿ. ಅತ್ತೆ ಅದನ್ನು ಬೆರಳಿನಿಂದ ಕೆರೆದು ಕೆರೆದು ತೆಗೆದು ಒಂದು ತುಂಡು ಬಾಳೆಲೆಯಲ್ಲಿ ಕಟ್ಟಿದರು. ಸವಿತಾ ಕೈ ಚಾಚಿದಾಗ ಫಟ್ಟೆಂದು ಹೊಡೆದರು. ಸವಿತಾ, "ನಂಗೆ ನಲವತ್ನಾಲ್ಕು ವರ್ಸ ಕಣವ್ವ!" ಎಂದಳು. "ಆದ್ರೇನೀಗ" ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಹೊರಡುವ ಮೊದಲು ನಾನು ಸವಿತಾಳ ಅಡುಗೆಮನೆ ಒಪ್ಪ ಮಾಡುತ್ತಿದ್ದೆ. ಕಿಟಕಿಯಲ್ಲಿ ಬಾಡಿದ ಬಾಳೆಲೆಯ ಒಂದು ಪೊಟ್ಟಣ, ಸುತ್ತ ನಾಲ್ಕು ಇರುವೆ. ಹಿಂದಿನ ಸಂಜೆ ಅತ್ತೆ ಕಟ್ಟಿದ್ದೆಂದು ಹೊಳೆಯದೆ, ಎತ್ತಿ ಕಸದ ಬುಟ್ಟಿಯ ಮೇಲೆ ಹಿಡಿದಿದ್ದೆ. "ಏಯ್ ಏಯ್ ಏಯ್!" ಎಂದು ಅತ್ತೆ ಜಗುಲಿಯಿಂದ ಓಡಿಬಂದರು. ಅವರು ಓಡಿದ್ದನ್ನು ನಾನು ಹತ್ತು ವರ್ಷದಿಂದ ಕಂಡಿರಲಿಲ್ಲ. ಪೊಟ್ಟಣ ಕಿತ್ತುಕೊಂಡು, ಇರುವೆ ಊದಿ, ಎಲೆಅಡಿಕೆ ಚೀಲಕ್ಕೆ ತುರುಕಿಕೊಂಡರು. "ನಿನ್ ಕೈಗೆ ಸಿಕ್ಕಿದ್ರೆ ನನ್ನೂ ತೊಳ್ದು ಒಣಗಾಕ್ಬುಡ್ತೀಯ" ಎಂದರು.

ಅರಕಲಗೂಡಿನಿಂದ ಮತ್ತೆ ಹೊಳೆನರಸೀಪುರ, ಅಲ್ಲಿ ಬಸ್ಸು ಬದಲಿಸಿ ಚನ್ನರಾಯಪಟ್ಟಣ. ಎರಡನೆಯ ಬಸ್ಸಿನಲ್ಲಿ ನಮ್ಮ ಪಕ್ಕ ಒಬ್ಬ ಹೆಂಗಸು ಸೊಪ್ಪಿನ ಗಂಟು ಇಟ್ಟುಕೊಂಡು ಕೂತಳು. ಸಂತೆಗೆ ಹೊರಟವಳು. ಡಬ್ಬಿ ನನ್ನ ತೊಡೆಯ ಮೇಲಿತ್ತು. "ಏನಕ್ಕ, ಗಮ್ ಅಂತದೆ?" ಎಂದಳು. ನಾನು ಡಬ್ಬಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಅತ್ತೆ ನನ್ನ ತೊಡೆಯ ಮೇಲಿಂದಲೇ ಮುಚ್ಚಳ ತೆಗೆದು ಅವಳಿಗೆ ಎರಡು ಉಂಡೆ ಕೊಟ್ಟರು. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು, ಒಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಗಂಟು ಬಿಚ್ಚಿ ಒಂದು ಕಟ್ಟು ಕೀರೆಸೊಪ್ಪು ಎಳೆದು ಅತ್ತೆಯ ಮಡಿಲಿಗೆ ಹಾಕಿದಳು. ನಾವು ಬೇಡ ಎನ್ನುವಷ್ಟರಲ್ಲಿ ಅವಳ ಊರು ಬಂದು ಇಳಿದೂ ಆಯಿತು. ಇಷ್ಟಕ್ಕೆ ಅವಳು ಒಂದು ಕ್ಷಣವೂ ಯೋಚಿಸಿರಲಿಲ್ಲ. ನಾನು ಸೊಪ್ಪನ್ನು ನೋಡುತ್ತಾ ಕೂತೆ.

"ಅಲ್ಲಿ ಓಗಿ ಬಾಯಲ್ಲಿ ಏನೂ ಏಳಕ್ಕೋಗ್ಬ್ಯಾಡ" ಎಂದರು ಅತ್ತೆ, ಕಿಟಕಿಯ ಹೊರಗೆ ತೆಂಗಿನ ತೋಟಗಳನ್ನು ನೋಡುತ್ತಾ. "ಸಾರಿ ಗೀರಿ ಅಂದ್ಗಿಂದೀಯ."

ಚನ್ನರಾಯಪಟ್ಟಣದಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ಜಯಕ್ಕನ ಮನೆ ಕೆರೆಯ ಕಡೆಗೆ, ನಡೆದರೆ ಹತ್ತು ನಿಮಿಷ. ಜಯಕ್ಕ ಬಾಗಿಲಲ್ಲೇ ಇದ್ದರು. ಅವ್ವನ ಕೈ ಹಿಡಿದು ಒಳಗೆ ಕರೆದರು, ನನಗೂ "ಬಾ ಸುಮಾ, ಚೆನ್ನಾಗಿದೀಯಾ?" ಎಂದರು. ಕುಡಿಯಲು ನೀರು ಕೊಟ್ಟರು, ಸೋಫಾದ ಮೇಲೆ ಕೂರಿಸಿ ಫ್ಯಾನ್ ಹಾಕಿದರು. ಕಾಫಿ ಟ್ರೇಯಲ್ಲಿ ಬಂತು, ಹೂವಿನ ಚಿತ್ರದ ಹೊಸ ಲೋಟಗಳಲ್ಲಿ, ಪಕ್ಕದಲ್ಲಿ ಬಿಸ್ಕತ್ತಿನ ತಟ್ಟೆ. ಹಿಂದೆಲ್ಲ ನಾನು ಆ ಮನೆಗೆ ಹೋದರೆ ನೇರ ಅಡುಗೆಮನೆಗೆ ನುಗ್ಗಿ, ಒಲೆಯ ಪಕ್ಕದ ಕಟ್ಟೆಯ ಮೇಲೆ ಕೂತು, ಜಯಕ್ಕನ ಲೋಟದಿಂದಲೇ ಅರ್ಧ ಬಗ್ಗಿಸಿಕೊಂಡು ಕುಡಿಯುತ್ತಿದ್ದೆ. ಆ ಟ್ರೇ ನೋಡಿದಾಗ ನನ್ನ ತಪ್ಪು ಎಷ್ಟು ದೊಡ್ಡದೆಂದು ತಿಳಿಯಿತು.

ನಾನು ಚಿಗಳಿಯ ಡಬ್ಬಿ ತೆರೆದು ಮುಂದಿಟ್ಟೆ. ಜಯಕ್ಕ ಒಂದು ಉಂಡೆ ತೆಗೆದು ಬಿಸ್ಕತ್ತಿನ ತಟ್ಟೆಯ ಅಂಚಿನಲ್ಲಿಟ್ಟರು. "ಶುಗರ್ ಬಂದೈತಲ್ಲ, ಆಮೇಲೆ ತಿಂತೀನಿ" ಎಂದರು. ಜಯಕ್ಕನ ಯಜಮಾನರು, ನನಗೆ ಭಾವ, ಪೇಪರಿನ ಹಿಂದಿನಿಂದ ಕೈ ಚಾಚಿ ಎರಡು ತೆಗೆದುಕೊಂಡರು. ಅತ್ತೆಯ ಮಾತು ಮರೆತು ನಾನು ಬಾಯಿಬಿಟ್ಟೆ. "ಸಾರಿ ಜಯಕ್ಕ, ಅವತ್ತು ಮದುವೆ ಆದ ಮೇಲೆ..."

"ಯಾವತ್ತು? ಅಯ್ಯೋ, ಏನಿಲ್ಲ ಬಿಡು" ಎಂದು ನಕ್ಕರು. ಆ ನಗು ಬಾಗಿಲಿಗೆ ಅಗುಳಿ ಹಾಕಿದ ಹಾಗಿತ್ತು.

ಅತ್ತೆ ನನ್ನನ್ನು ಒಂದು ನೋಟ ನೋಡಿದರು. ಆಮೇಲೆ ಯಾರನ್ನೂ ಕೇಳದೆ ಎದ್ದು ಅಡುಗೆಮನೆಗೆ ಹೋದರು. ಒಳಗಿಂದ ಕೂಗಿದರು: "ಜಯೀ, ಬಾ ಇಲ್ಲಿ."

ಜಯಕ್ಕ ಹೋದರು. ನಾನು ಸೋಫಾದ ತುದಿಯಿಂದ ಬಾಗಿಲ ಸಂದಿನಲ್ಲಿ ಕಾಣುವಷ್ಟನ್ನು ಕಂಡೆ. ಅತ್ತೆ ಎಲೆಅಡಿಕೆ ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದು ಮಗಳ ಅಂಗೈಯಲ್ಲಿಟ್ಟರು. "ಒರಳ ತಳದ್ದು" ಎಂದರು.

ಅರವತ್ತು ದಾಟಿದ ಜಯಕ್ಕ ನಿಂತಲ್ಲೇ ಆ ಪುಡಿಯನ್ನು ಬೆರಳಲ್ಲಿ ಅದ್ದಿ ಅದ್ದಿ ನೆಕ್ಕಿದರು. ಎಲೆಯನ್ನೂ ಬಿಡಲಿಲ್ಲ. ಹುಡುಗಿಯಾಗಿದ್ದಾಗ ಒರಳ ತಳದ ಚಿಗಳಿ ಯಾವಾಗಲೂ ಅವರದಂತೆ, ಮಿಕ್ಕ ಮಕ್ಕಳಿಗೆ ಉಂಡೆ. ತಿಂದು ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡರು, ಹಾಗೆಯೇ ಕಣ್ಣೂ ಒರೆಸಿಕೊಂಡರು. ನಂತರ ಗಟ್ಟಿಯಾಗಿ ಕೂಗಿದರು. "ಸುಮಾ! ಅಲ್ಲೇನ್ ಮೂರ್ತಿ ಕೂತಂಗೆ ಕೂತಿದೀಯ, ಬಾ ಇಲ್ಲಿ!"

ಹೋದೆ. ಅಟ್ಟದಿಂದ ಆ ದೊಡ್ಡ ಡಬ್ಬಿ ಇಳಿದುಬಂದು ಕಟ್ಟೆಯ ಮೇಲೆ ಕೂತಿತ್ತು. ಜಯಕ್ಕ ಅದನ್ನು ಮಗುಚಿ ತಳ ತೋರಿಸಿದರು. ಬಿಳಿ ಪಟ್ಟಿಯ ಮೇಲೆ ನನ್ನ ದುಂಡು ಅಕ್ಷರ: ಜಯಕ್ಕ, ಚನ್ನರಾಯಪಟ್ಟಣ.

"ಎರಡು ವರ್ಸದಿಂದ ಇದ್ರೊಳಗೆ ಒಂದು ಕಾಳು ಹಾಕಿಲ್ಲ ಕಣೆ ನಾನು. ಡಬ್ಬಿ ದೊಡ್ದು, ಒಳಗೆ ಗಾಳಿ ಅಂತ ನಮ್ಮ ಬೀಗಿತ್ತಿ ಇವತ್ತಿಗೂ ಆಡ್ಕತಾಳೆ. ಅದಾದ್ರೂ ಹೋಗ್ಲಿ. ಇದೇನೇ ಇದು? ವಿಳಾಸ ಬರ್ದು ಕಳ್ಸಿದೀಯ! ಹುಟ್ಟಿದ ಮನೇಲಿ ನಾನು ಚನ್ನರಾಯಪಟ್ಟಣದೋಳಾಗೋದ್ನಾ?"

"ಎಲ್ಲರ ಪಾತ್ರೆಗೂ ಬೆಲ್ಲ ಹಾಕಿದ್ದೆ ಜಯಕ್ಕ. ಅಚ್ಚು ಸಾಲದೆ ಬಂತು. ನೀವು ಮನೆಯವರಲ್ವಾ ಅಂತ ನಿಮಗೆ ಬಿಟ್ಟೆ."

"ಮನೆಯೋಳಾದ್ರೆ ಬೆಲ್ಲ ಬೇಡ್ವಾ?"

"ಬೇಕು" ಎಂದೆ.

"ಮತ್ತೆ? ನಿಂತ್ಕಂಡೇನ್ ನೋಡ್ತೀಯ? ಆ ಕಾಯಿ ತುರಿ" ಎಂದು ಜಯಕ್ಕ ತುರಿಮಣೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. ಹೊರಗಿನಿಂದ ಭಾವ, "ಅಂತೂ ಡಬ್ಬಿ ಕೆಳಗಿಳೀತಾ? ನಾನು ಕಾಫಿಪುಡಿ ಹಾಕ್ಕಳಕ್ಕೆ ಕೇಳಿದ್ರೆ ಮುಟ್ಟಕ್ಕೇ ಬಿಡ್ತಿರ್ಲಿಲ್ಲ" ಎಂದರು. "ನೀವು ಪೇಪರ್ ಓದಿ" ಎಂದು ಜಯಕ್ಕ ಗದರಿದರು.

ಕಾಯಿಹಾಲಿಗೆ ಎರಡು ಕಾಯಿ ತುರಿದೆ. ಅಕ್ಕಿಹಿಟ್ಟಿನ ಉಂಡೆ ಬೇಯಿಸಿ, ಶ್ಯಾವಿಗೆ ಒರಳಲ್ಲಿ ಇಬ್ಬರೂ ಸೇರಿ ಒತ್ತಿದೆವು. ನಾನು ಹಿಡಿ ಒತ್ತುವಾಗ ಜಯಕ್ಕ ಕೆಳಗೆ ತಟ್ಟೆ ತಿರುಗಿಸುತ್ತಿದ್ದರು. ಬಸ್ಸಿನ ಹೆಂಗಸು ಕೊಟ್ಟ ಕೀರೆಸೊಪ್ಪು ಸಾರಾಯಿತು. ಶುಗರ್ ಇರುವ ಜಯಕ್ಕ ಬೆಲ್ಲದ ಕಾಯಿಹಾಲನ್ನು ಅಳತೆಗಿಂತ ಜಾಸ್ತಿಯೇ ಬಡಿಸಿಕೊಂಡರು, ಅತ್ತೆ ನೋಡಿಯೂ ನೋಡದವರಂತೆ ಇದ್ದರು. ಆದರೆ ಗೌರಿಗೆ ಬರುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕೇಳಬೇಡ ಎಂದು ಅತ್ತೆ ಕಣ್ಣಿನಲ್ಲೇ ಹೇಳಿದ್ದರು.

ನಾಲ್ಕು ಗಂಟೆಗೆ ಹೊರಟೆವು. ನಾನು ನನ್ನ ಸ್ಟೀಲ್ ಡಬ್ಬಿಗೆ ಹುಡುಕಿದೆ. ಜಯಕ್ಕ ಅದನ್ನು ತಮ್ಮ ಕಪಾಟಿನಲ್ಲಿಟ್ಟು ಬಾಗಿಲು ಹಾಕಿಬಿಟ್ಟಿದ್ದರು. ಅದರ ಬದಲು ಆ ದೊಡ್ಡ ಡಬ್ಬಿಯನ್ನು ನನ್ನ ಕೈಗಿತ್ತರು. ಭಾರವಾಗಿತ್ತು. ಮುಚ್ಚಳ ತೆಗೆದರೆ ಹುರಿದಿಟ್ಟಿದ್ದ ಹುರಿಹಿಟ್ಟು, ಮೇಲೆ ಒಂದು ಅಚ್ಚು ಬೆಲ್ಲ. ನಾವು ಬಂದ ಮೇಲೆ ಅಲ್ಲಿ ಏನನ್ನೂ ಹುರಿದಿರಲಿಲ್ಲ, ಬೆಳಿಗ್ಗೆಯೇ, ನಾವು ಬರುವ ಮೊದಲೇ ಹುರಿದದ್ದು.

"ನಿಂದು ನನ್ನತ್ರ ಇರ್ಲಿ, ನಂದು ನಿನ್ನತ್ರ ಇರ್ಲಿ" ಎಂದರು. "ಗೌರಿಗೆ ಬತ್ತೀನಲ್ಲ, ಆಗ ತಗೊಂಡೋಯ್ತೀನಿ." ಎಂದವರೇ ಡಬ್ಬಿಯನ್ನು ನನ್ನ ಕೈಯಲ್ಲಿರುವಂತೆಯೇ ವಾಲಿಸಿ, ತಳದ ಅಂಟುಪಟ್ಟಿಯನ್ನು ಉಗುರಿನಿಂದ ಕೆರೆದು ಕಿತ್ತರು. ಚನ್ನರಾಯಪಟ್ಟಣ ಪೂರ್ತಿ ಬಂತು, ಜಯಕ್ಕ ಅರ್ಧ ಅಲ್ಲೇ ಉಳಿಯಿತು. "ಯಾರ್ದು ಅಂತ ನಿನಗೆ ಗೊತ್ತೈತಲ್ಲ?"

ಹಾಸನದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಹೆದ್ದಾರಿ ನೇರ, ಮಳೆಯಿಲ್ಲ, ಒಂದು ಗಂಟೆಯ ದಾರಿ. ಊರು ಬಿಡುವಾಗ ಕೆರೆಯ ನೀರು ಹೊಳೆಯುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅತ್ತೆ ನನ್ನ ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ತೆಗೆದು, ಬೆಲ್ಲದ ಚೂರೊಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ನನ್ನ ಬಾಯಿಗೂ ಒಂದನ್ನು ಇಟ್ಟರು. ಮೂವತ್ತು ವರ್ಷದಲ್ಲಿ ಅವರು ನನ್ನ ಬಾಯಿಗೆ ಏನನ್ನಾದರೂ ಇಟ್ಟದ್ದು ಅದೇ ಮೊದಲು.

ಮನೆಗೆ ಬಂದು ಹುರಿಹಿಟ್ಟನ್ನು ಬೇರೆ ಪಾತ್ರೆಗೆ ಹಾಕಿದೆ. ಡಬ್ಬಿಯ ತಳದಲ್ಲಿ ಪಟ್ಟಿಯ ಅಂಟೂ ಜಯಕ್ಕನ ಅರ್ಧ ಹೆಸರೂ ಉಳಿದು ಧೂಳು ಹಿಡಿಯುತ್ತಿತ್ತು. ಹತ್ತಿಗೆ ಎರಡು ಹನಿ ಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ. ಕೈ ಎಣ್ಣೆಯ ಬಾಟಲಿಯವರೆಗೆ ಹೋಗಿತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಬಾಟಲಿ ಅಲ್ಲೇ ಇಟ್ಟು, ಡಬ್ಬಿಯನ್ನು ಹಾಗೆಯೇ ಒಲೆಯ ಮೇಲಿನ ಹಲಗೆಗೆ ಏರಿಸಿದೆ. ಮುಚ್ಚಳ ಹಾಕುವ ಮುನ್ನ ಒಂದು ಹಿಡಿ ಅಕ್ಕಿ ಹಾಕಿದೆ, ಹಬ್ಬದವರೆಗೆ ಬರಿದಿರಬಾರದೆಂದು.